ಸರಾಯೆವೊದಲ್ಲಿ ಗುಂಡೇಟು ತಿಂದವನೊಬ್ಬನೇ ಆರ್ಚ್‌ಡ್ಯೂಕನೇ? ಹ್ಯಾಬ್ಸ್‌ಬರ್ಗ್ ಮನೆತನದ ಉಳಿದ ಗಂಡುಮಕ್ಕಳ ಬಗ್ಗೆ ಮಾತನಾಡೋಣ

ಗ್ರಾಜ್ ಕನ್ನಡಿಗ (ಚರ್ಚೆ ಆರಂಭಿಸಿದವರು)

ಮೊದಲನೆಯ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು ಎಂಬ ಪ್ರಶ್ನೆಗೆ ಹೈಸ್ಕೂಲಿನಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ ಉತ್ತರ ಒಂದೇ: ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನೆಂಡನ ಕೊಲೆ. ಆರ್ಚ್‌ಡ್ಯೂಕ್ ಎಂದರೆ ಯಾರು ಎಂದು ನಾವು ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಆ ಪದ ಅವನ ಹೆಸರಿನದೇ ಭಾಗ ಎಂದು ನಾನು ಬಹಳ ಕಾಲ ನಂಬಿದ್ದೆ.

ಈಗ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಇದ್ದೇನೆ. ಇಲ್ಲಿನ ಮುಖ್ಯ ಚೌಕದಲ್ಲಿ ಟ್ರಾಮ್ ಇಳಿದರೆ ಎದುರಿಗೇ ಒಂದು ಕಾರಂಜಿ. 1878ರದ್ದು. ಸುತ್ತ ನಾಲ್ಕು ಹೆಂಗಸರ ಪ್ರತಿಮೆಗಳು: ಮೂರ್, ಎನ್ಸ್, ಡ್ರಾವ್, ಸಾನ್ ಎಂಬ ನಾಲ್ಕು ನದಿಗಳು. ನಡುವೆ ಎತ್ತರದಲ್ಲಿ ನಿಂತವನು ಆರ್ಚ್‌ಡ್ಯೂಕ್ ಯೋಹಾನ್. ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದವನು, ಚಕ್ರವರ್ತಿಯ ತಮ್ಮ, ಆದರೆ ಎಂದೂ ಚಕ್ರವರ್ತಿಯಾಗದವನು. ನಾನು ಬಾಡಿಗೆಗಿರುವ ಮನೆಯ ಅಜ್ಜಿ ಅವನ ಮಾತು ಬಂದರೆ ಸ್ವಂತ ಸೋದರಮಾವನ ಸುದ್ದಿ ಹೇಳಿದಂತೆ ಹೇಳುತ್ತಾರೆ.

1782ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಇವನು ತಂದೆಗೆ ಹದಿಮೂರನೆಯ ಮಗು. ಹದಿನೆಂಟು ತುಂಬಿದಾಗ ಒಂದು ಇಡೀ ಸೇನೆಯನ್ನು ಅವನ ಹೆಸರಿಗೆ ಕೊಟ್ಟು ಫ್ರೆಂಚರ ಮುಂದೆ ನಿಲ್ಲಿಸಿದರು. 1800ರ ಡಿಸೆಂಬರಿನಲ್ಲಿ ಹೋಹೆನ್‌ಲಿಂಡನ್ ಎಂಬಲ್ಲಿ ಸೋತ. ಹನ್ನೊಂದು ವರ್ಷಗಳ ಮೇಲೆ ತಾನು ಕೂಡಿಸಿದ್ದ ಖನಿಜ, ಸಸ್ಯ, ಪುಸ್ತಕಗಳನ್ನೆಲ್ಲ ಈ ನಾಡಿಗೆ ಕೊಟ್ಟು ಗ್ರಾಜ್‌ನಲ್ಲಿ ಯೋಹಾನಿಯಂ ಎಂಬ ವಿದ್ಯಾಸಂಸ್ಥೆ ಕಟ್ಟಿದ. ಅಲ್ಲಿ ಪಾಠ ಹೇಳಲು ಕರೆಸಿದವರಲ್ಲಿ ಫ್ರೀಡ್ರಿಶ್ ಮೋಸ್ ಒಬ್ಬ. ಟಾಲ್ಕಿಗೆ 1, ವಜ್ರಕ್ಕೆ 10 ಎಂದು ನಾವು ಕಲಿತೆವಲ್ಲ, ಗಡಸುತನದ ಆ ಮೋಸ್ ಮಾಪಕ ರೂಪುಗೊಂಡದ್ದು ಇಲ್ಲಿಯೇ. ನಾನು ದಿನವೂ ಕೆಲಸಕ್ಕೆ ಹೋಗುವ ತಾಂತ್ರಿಕ ವಿಶ್ವವಿದ್ಯಾಲಯದ ಬೇರು ಕೂಡ ಅದೇ ಯೋಹಾನಿಯಂ.

ಸಿಂಹಾಸನ ಸಿಗದ ಗಂಡುಮಕ್ಕಳು ಆ ಮನೆಯಲ್ಲಿ ಪೀಳಿಗೆಗೆ ಹತ್ತಾರು ಮಂದಿ ಇದ್ದರು. ಅವರು ಬದುಕನ್ನು ಏನು ಮಾಡಿಕೊಂಡರು? ಓದಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಆ ಪದದ ಅರ್ಥ ಹೇಳದೆ ಮುಂದೆ ಹೋದವರಲ್ಲಿ ನಾನೂ ಸೇರಿದ್ದೇನೆ. ಹಾಗಾಗಿ ಇಲ್ಲಿ ಹೇಳುತ್ತೇನೆ.

‘ಯುವರಾಜ’ ಎಂದು ಅನುವಾದಿಸಬೇಡಿ. ಯುವರಾಜ ಒಬ್ಬನೇ, ಆರ್ಚ್‌ಡ್ಯೂಕ್ ಹಾಗಲ್ಲ. ಮನೆತನದ ಎಲ್ಲ ಗಂಡುಮಕ್ಕಳಿಗೂ ಹುಟ್ಟಿನಿಂದಲೇ ಆ ಬಿರುದು, ಹೆಣ್ಣುಮಕ್ಕಳಿಗೆ ಆರ್ಚ್‌ಡಚೆಸ್. ಆ ಬಿರುದಿನ ಮೂಲವೋ ಒಂದು ಕೂಟ ಶಾಸನ, ಅಂದರೆ ನಕಲಿ ದಾಖಲೆ. 1356ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ನಾಲ್ಕನೆಯ ಕಾರ್ಲ್ ತನ್ನ ಉತ್ತರಾಧಿಕಾರಿಗಳನ್ನು ಆರಿಸುವ ಹಕ್ಕನ್ನು ಏಳು ಮಂದಿಗೆ ಬರೆದುಕೊಟ್ಟ. ಆ ಏಳರಲ್ಲಿ ಆಸ್ಟ್ರಿಯಾದ ಡ್ಯೂಕ್ ಇರಲಿಲ್ಲ. ಆಗಿನ ಡ್ಯೂಕ್, ಕಾರ್ಲನ ಅಳಿಯನೇ ಆಗಿದ್ದ ನಾಲ್ಕನೆಯ ರುಡಾಲ್ಫನಿಗೆ ಇನ್ನೂ ಇಪ್ಪತ್ತರ ಹರೆಯ, ಅವಮಾನ ತಡೆಯಲಾಗಲಿಲ್ಲ. 1358–59ರ ಹೊತ್ತಿಗೆ ಹಳೆಯ ಸನ್ನದುಗಳ ಒಂದು ಕಟ್ಟನ್ನೇ ಸೃಷ್ಟಿಸಿ ‘ನಾವು ಬರೀ ಡ್ಯೂಕರಲ್ಲ, ಮಹಾಡ್ಯೂಕರು’ ಎಂದು ಸಾರಿದ. ಜೂಲಿಯಸ್ ಸೀಸರ್ ಮತ್ತು ನೀರೋ ಬರೆದರೆನ್ನಲಾದ ಪತ್ರಗಳೂ ಆ ಕಟ್ಟಿನಲ್ಲಿದ್ದವು! ಕಾರ್ಲ್ ಅವುಗಳನ್ನು ಕವಿ ಪೆಟ್ರಾರ್ಕನಿಗೆ ತೋರಿಸಿದ, ಅವನು ನೋಡಿದವನೇ ಸುಳ್ಳು ಎಂದ. ಆದರೆ 1453ರಲ್ಲಿ ಹ್ಯಾಬ್ಸ್‌ಬರ್ಗ್ ಮನೆಯವನೇ ಆದ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಅದಕ್ಕೆ ಮುದ್ರೆ ಒತ್ತಿದ, ಸುಳ್ಳು ಕಾನೂನಾಯಿತು. ನಮ್ಮಲ್ಲಿ ಗಂಗರ ಹೆಸರಿನ ಕೂಟ ತಾಮ್ರಪಟಗಳನ್ನು ನೋಡಿದವರಿಗೆ ಇದು ತೀರ ಹೊಸದೆನಿಸದು.

ಇನ್ನು ಬದುಕಿನ ಮಾತು. 1839ರಲ್ಲಿ ಮನೆತನಕ್ಕೆ ಒಂದು ಕಟ್ಟಳೆ ಬರೆದರು. ಅದರಂತೆ ಚಕ್ರವರ್ತಿಯೇ ಕುಟುಂಬದ ಯಜಮಾನ. ಮದುವೆಗೆ ಅವನ ಒಪ್ಪಿಗೆ ಬೇಕು, ಪರದೇಶಕ್ಕೆ ಹೋಗಿ ನೆಲೆಸಬೇಕಾದರೂ ಬೇಕು. ಚಕ್ರವರ್ತಿ ಫ್ರಾನ್ಸ್ ಜೋಸೆಫನ ಮಗ ಯುವರಾಜ ರುಡಾಲ್ಫ್ 1858ರಲ್ಲಿ ತೊಟ್ಟಿಲಲ್ಲಿದ್ದಾಗಲೇ 19ನೆಯ ಪದಾತಿದಳದ ಒಡೆಯನಾದ. ಆರು ವರ್ಷದವನಿದ್ದಾಗ ಅವನನ್ನು ‘ಗಟ್ಟಿ’ ಮಾಡಲು ನೇಮಿಸಿದ್ದ ಅಧಿಕಾರಿ ಮಗುವಿನ ಪಕ್ಕದಲ್ಲಿ ಪಿಸ್ತೂಲು ಹಾರಿಸುತ್ತಿದ್ದ. ಮೃಗವನದ ಗೋಡೆಯೊಳಗೆ ಒಂಟಿಯಾಗಿ ಬಿಟ್ಟು ಹೊರಗಿನಿಂದ ‘ಕಾಡುಹಂದಿ ಬಂತು’ ಎಂದು ಕೂಗುತ್ತಿದ್ದ. 1865ರಲ್ಲಿ ತಾಯಿ ಎಲಿಜಬೆತ್ ಗಂಡನಿಗೆ ಕಡ್ಡಿ ತುಂಡುಮಾಡಿದಂತೆ ಪತ್ರ ಬರೆದ ಮೇಲೆಯೇ ಆ ಶಿಕ್ಷಕ ಹೋದದ್ದು. ಮಗು ಬೆಳೆದು ಪಕ್ಷಿಗಳ ಬಗ್ಗೆ ಪುಸ್ತಕ ಬರೆದ, ಪತ್ರಿಕೆಗಳಿಗೆ ಹೆಸರು ಹಾಕದೆ ಲೇಖನ ಬರೆದ. 1889ರ ಜನವರಿ 30ರಂದು ವಿಯೆನ್ನಾ ಹತ್ತಿರದ ಮಾಯರ್‌ಲಿಂಗ್‌ನಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳೊಡನೆ ಹೆಣವಾಗಿ ಸಿಕ್ಕಿದ. ಅಲ್ಲಿ ನಡೆದದ್ದನ್ನು ನೆನೆದಾಗಲೆಲ್ಲ ನನಗೆ ಮೃಗವನದ ಆ ಗೋಡೆಯೇ ಕಣ್ಣಿಗೆ ಬರುತ್ತದೆ.

ತುಮಕೂರಿನ ಓದುಗ

ಕ್ಷಮಿಸಿ, ನನಗೆ ಇವರ ಬಗ್ಗೆ ಇಷ್ಟೊಂದು ಮರುಕ ಬರುವುದಿಲ್ಲ. ಅರಮನೆ, ಕುದುರೆ, ಆಳುಕಾಳು ಎಲ್ಲವೂ ಇದ್ದು ‘ಏನು ಮಾಡಬೇಕೋ ತಿಳಿಯಲಿಲ್ಲ’ ಎನ್ನುವುದು ಹೊಟ್ಟೆ ತುಂಬಿದವರ ಸಂಕಟ. ಫ್ರಾನ್ಸ್ ಫರ್ಡಿನೆಂಡನ ತಮ್ಮ ಒಟ್ಟೊ ಕುಡಿತ, ಹೆಂಗಸರ ಹಗರಣಗಳಲ್ಲೇ ಬದುಕು ಕಳೆದು 1906ರಲ್ಲಿ ಗುಹ್ಯರೋಗದಿಂದ ಸತ್ತ. ಫರ್ಡಿನೆಂಡನೇ ಬರೆಸಿಟ್ಟ ಬೇಟೆಯ ಲೆಕ್ಕದಲ್ಲಿ ಕೊಂದ ಪ್ರಾಣಿಪಕ್ಷಿಗಳ ಸಂಖ್ಯೆ 2.7 ಲಕ್ಷ ದಾಟುತ್ತದೆ. ಒಬ್ಬ ಮನುಷ್ಯ! ಬೊಹೀಮಿಯಾದ ಕಾರ್ಖಾನೆಯಲ್ಲಿ, ಗಲಿಶಿಯಾದ ಹೊಲದಲ್ಲಿ ದುಡಿದವರ ಬೆವರು ಇದಕ್ಕೆಲ್ಲ ಆಧಾರ. ಕಾರಂಜಿಯ ಮೇಲೆ ನಿಂತವನನ್ನು ಹೊಗಳುವ ಮೊದಲು ಈ ಲೆಕ್ಕವನ್ನೂ ಹಾಕೋಣ.

ಗ್ರಾಜ್ ಕನ್ನಡಿಗ

ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ ಸರ್. ಒಂದು ಸಂಗತಿ ಸೇರಿಸುತ್ತೇನೆ. ಇವರ ಖರ್ಚಿನ ಒಂದು ದೊಡ್ಡ ಪಾಲು ಮನೆತನದ ನಿಧಿಯಿಂದ ಬರುತ್ತಿತ್ತು. ಮರಿಯಾ ತೆರೇಸಾಳ ಗಂಡ ಫ್ರಾನ್ಸ್ ಸ್ಟೀಫನ್ ವ್ಯವಹಾರದಲ್ಲಿ ಚತುರ, ಜಮೀನು, ಕಾರ್ಖಾನೆ, ಸಾಲಪತ್ರ ಎಂದು ಬಹಳ ಸಂಪಾದಿಸಿದ್ದ. 1765ರಲ್ಲಿ ಅವನು ತೀರಿಕೊಂಡ ಮೇಲೆ ಆ ಆಸ್ತಿಯಿಂದಲೇ ಕುಟುಂಬದ ಪಾಲನೆಗೆ ನಿಧಿ ಮಾಡಿದರು. ಹದಿನಾರು ಮಕ್ಕಳನ್ನು ಹೆತ್ತ ಮನೆಗೆ ಅದು ಬೇಕೂ ಇತ್ತು.

ಆ ನಿಧಿ ಕೊನೆಗೆ ಎಲ್ಲಿಗೆ ಹೋಯಿತು ಎಂಬುದು ನಿಮಗೆ ಸಮಾಧಾನ ಕೊಡಬಹುದು. 1919ರ ಏಪ್ರಿಲ್ 3ರಂದು ಆಸ್ಟ್ರಿಯಾ ಗಣರಾಜ್ಯ ಕಾನೂನು ಮಾಡಿ ಅದನ್ನು ವಶಪಡಿಸಿಕೊಂಡಿತು. ಅದರ ನಿವ್ವಳ ಆದಾಯ ಯುದ್ಧದಲ್ಲಿ ಅಂಗಾಂಗ ಕಳೆದುಕೊಂಡವರಿಗೆ, ದುಡಿಯುವವರನ್ನು ಕಳೆದುಕೊಂಡ ಕುಟುಂಬಗಳಿಗೆ ಎಂದು ಆ ಕಾನೂನಿನಲ್ಲೇ ಬರೆಯಿತು. ಇದು ನ್ಯಾಯ ಎಂದೇ ನಾನೂ ಭಾವಿಸುತ್ತೇನೆ. ಬಿರುದು ಬಿಟ್ಟು ಸಾಮಾನ್ಯ ಪ್ರಜೆಯಾಗಲು ಒಪ್ಪಿದವರು ದೇಶದಲ್ಲಿರಬಹುದು, ಒಪ್ಪದವರು ಗಡಿ ದಾಟಬೇಕು.

ಆದರೆ ಯೋಹಾನ್ ನಿಮ್ಮ ಲೆಕ್ಕದ ಇನ್ನೊಂದು ಕಾಲಂನಲ್ಲಿ ಬರುತ್ತಾನೆ. 1819ರಲ್ಲಿ ರೈತರ ಕೃಷಿ ಸಂಘ ಕಟ್ಟಿದ, ಫೋರ್ಡರ್ನ್‌ಬರ್ಗ್‌ನಲ್ಲಿ ಕಬ್ಬಿಣದ ಕುಲುಮೆ ಕೊಂಡು ತಾನೇ ನಡೆಸಿದ. 1850ರಲ್ಲಿ ಸ್ಟೈಂಟ್ಸ್ ಎಂಬ ಸಣ್ಣ ಊರಿನವರು ಇವನನ್ನು ಮೇಯರ್ ಆಗಿ ಚುನಾಯಿಸಿದರು, ಆಗ ಅವನಿಗೆ ಅರವತ್ತೆಂಟು. ಅದಕ್ಕೆ ಎರಡೇ ವರ್ಷ ಮೊದಲು ಫ್ರಾಂಕ್‌ಫರ್ಟಿನ ಸಂಸತ್ತು ಅವನನ್ನು ಇಡೀ ಜರ್ಮನಿಯ ರಾಜಪ್ರತಿನಿಧಿಯಾಗಿ ಆರಿಸಿತ್ತು. ಅಲ್ಲಿಂದ ಬಂದು ಊರ ಚರಂಡಿ, ರಸ್ತೆಯ ಕೆಲಸಕ್ಕೆ ಕುಳಿತದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಪಿಯಾನೊ ಕಲಿಯುವವಳು

ಯೋಹಾನನ ಕಿರಿಯ ತಮ್ಮ ರುಡಾಲ್ಫನನ್ನು ಯಾರೂ ನೆನೆಯಲಿಲ್ಲವಲ್ಲ! ಮಾಯರ್‌ಲಿಂಗ್‌ನ ರುಡಾಲ್ಫ್ ಅಲ್ಲ, 1788ರಲ್ಲಿ ಹುಟ್ಟಿದವನು. ಮೂರ್ಛೆರೋಗ, ಸೈನ್ಯಕ್ಕೆ ಆಗದ ದೇಹ. ಅದಕ್ಕೇ ಚರ್ಚಿಗೆ ಬಿಟ್ಟರು. ಹದಿನೈದು ಹದಿನಾರರ ವಯಸ್ಸಿನಲ್ಲಿ ಬೀಥೋವನನ ಬಳಿ ಪಿಯಾನೊ ಕಲಿಯಲು ಸೇರಿದ, ಮುಂದೆ ಸಂಗೀತ ರಚನೆಯನ್ನೂ ಕಲಿತ. ಬೀಥೋವನ್ ಶಿಷ್ಯರನ್ನು ಹೆಚ್ಚು ದಿನ ಇಟ್ಟುಕೊಳ್ಳುವವನಲ್ಲ, ಈ ಹುಡುಗನನ್ನು ಇಪ್ಪತ್ತು ವರ್ಷ ಬಿಡಲಿಲ್ಲ.

1809ರಲ್ಲಿ ಬೀಥೋವನ್ ವಿಯೆನ್ನಾ ಬಿಟ್ಟು ಕಾಸೆಲ್‌ಗೆ ಹೊರಟಿದ್ದ. ತಡೆದವರು ಮೂವರು ಸಿರಿವಂತ ಕುಲೀನರು. ರುಡಾಲ್ಫ್ 1500, ಲೊಬ್ಕೊವಿಟ್ಸ್ 700, ಕಿನ್‌ಸ್ಕಿ 1800, ಒಟ್ಟು ವರ್ಷಕ್ಕೆ 4000 ಫ್ಲಾರಿನ್ ಜೀವಮಾನವಿಡೀ ಕೊಡುವುದಾಗಿ ಬರೆದುಕೊಟ್ಟರು. ಎರಡೇ ವರ್ಷದಲ್ಲಿ ನಾಣ್ಯದ ಬೆಲೆ ನೆಲಕಚ್ಚಿತು. ಕಿನ್‌ಸ್ಕಿ ಕುದುರೆಯಿಂದ ಬಿದ್ದು ಸತ್ತ, ಲೊಬ್ಕೊವಿಟ್ಸ್ ಸಾಲದಲ್ಲಿ ಮುಳುಗಿದ. ತನ್ನ ಪಾಲನ್ನು ಹೊಸ ನಾಣ್ಯದಲ್ಲಿ ಪೂರ್ತಿ ಕೊಡಲು ಮೊದಲು ಒಪ್ಪಿದವನು ಈ ಕಾಯಿಲೆಯ ಹುಡುಗ.

ನಾಲ್ಕನೆಯ ಮತ್ತು ಐದನೆಯ ಪಿಯಾನೊ ಕಾನ್ಚೆರ್ಟೊ, ಹಾಮರ್‌ಕ್ಲಾವಿಯರ್ ಸೊನಾಟಾ, ‘ಆರ್ಚ್‌ಡ್ಯೂಕ್’ ಎಂದೇ ಹೆಸರಾದ ಟ್ರಿಯೊ ಎಲ್ಲವೂ ಇವನಿಗೆ ಅರ್ಪಣೆ. 1820ರ ಮಾರ್ಚ್‌ನಲ್ಲಿ ಇವನು ಒಲೊಮೋಟ್ಸ್‌ನ ಆರ್ಚ್‌ಬಿಷಪ್ ಆಗಿ ಪೀಠವೇರುವ ದಿನಕ್ಕೆಂದು ಬೀಥೋವನ್ ಮಿಸ್ಸಾ ಸೊಲೆಮ್ನಿಸ್ ಎಂಬ ಚರ್ಚಿನ ಪೂಜಾ ಸಂಗೀತ ಬರೆಯಲು ಕುಳಿತ. ಅದು ಮುಗಿದದ್ದು ಮೂರು ವರ್ಷ ತಡವಾಗಿ! ಗುರು ಕೊಟ್ಟ ನಾಲ್ಕೇ ಬಾರ್‌ಗಳ ವಸ್ತುವಿನ ಮೇಲೆ ಶಿಷ್ಯ ನಲವತ್ತು ವೇರಿಯೇಷನ್ ಬರೆದಿದ್ದಾನೆ. ಕೆಲವನ್ನು ಬಾರಿಸಲು ಪ್ರಯತ್ನಿಸಿದ್ದೇನೆ. ಹವ್ಯಾಸಿಯ ಕೈಯಲ್ಲ, ಕಷ್ಟಪಟ್ಟು ಕಲಿತವನ ಕೈ. ತುಮಕೂರಿನ ಸರ್, ಆ 1500 ಫ್ಲಾರಿನ್ ವ್ಯರ್ಥವಾಯಿತು ಎಂದು ಮಾತ್ರ ನಾನು ಒಪ್ಪಲಾರೆ.

ಕಡಲ ಹಾದಿ

ನನಗೆ ಇಷ್ಟವಾದವರು ತಸ್ಕನಿ ಶಾಖೆಯ ಅಣ್ಣತಮ್ಮಂದಿರಿಬ್ಬರು. ಇಟಲಿ ಒಂದಾದಾಗ ರಾಜ್ಯ ಕಳೆದುಕೊಂಡ ಮನೆ ಅದು.

ಅಣ್ಣ ಲುಡ್ವಿಗ್ ಸಾಲ್ವತೋರ್, ಜನನ 1847. ಇಪ್ಪತ್ತನೆಯ ವಯಸ್ಸಿನಲ್ಲಿ ಮಯೋರ್ಕಾ ದ್ವೀಪಕ್ಕೆ ಹೋದವನು ಅದಕ್ಕೇ ಸೋತುಹೋದ. 1872ರಲ್ಲಿ ಅಲ್ಲಿ ಮಿರಾಮಾರ್ ಎಂಬ ಹಳೆಯ ಮಠದ ಜಾಗ ಕೊಂಡ, ಆಮೇಲೆ ಕಡಲ ದಂಡೆಯ ತೋಟಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋದ. ಕೊಂಡ ನೆಲದಲ್ಲಿ ಮರ ಕಡಿಯಕೂಡದು ಎಂಬುದು ಅವನ ನಿಯಮ. ಪ್ರಶ್ನಾವಳಿ ಅಚ್ಚು ಹಾಕಿಸಿ ಊರ ಪಾದ್ರಿ, ವೈದ್ಯ, ಮೀನುಗಾರರಿಂದ ಉತ್ತರ ತರಿಸಿಕೊಳ್ಳುತ್ತಿದ್ದ: ಬಲೆಗೆ ಏನೆನ್ನುತ್ತೀರಿ, ಗಾಳಿಗೆ ಏನು ಹೆಸರು, ಮದುವೆಯಲ್ಲಿ ಏನು ಬಡಿಸುತ್ತೀರಿ. ಬಲೆಯಾರಿಕ್ ದ್ವೀಪಗಳ ಬಗ್ಗೆ ಅವನು ಬರೆದ ಬೃಹತ್ ಸಂಪುಟಗಳು 1869ರಿಂದ 1891ರವರೆಗೆ ಹೊರಬಂದವು. ಉಡುವುದು ಮಾತ್ರ ಎಣ್ಣೆಜಿಡ್ಡಿನ ಹರಕು ಕೋಟು. ದಾರಿಯಲ್ಲಿ ಗಾಡಿಯವನೊಬ್ಬ ಇವನನ್ನು ಕೂಲಿಯೆಂದುಕೊಂಡು ಸಹಾಯಕ್ಕೆ ಕರೆದನಂತೆ. ಇವನು ಭುಜ ಕೊಟ್ಟು ಗಾಡಿ ತಳ್ಳಿದ, ಅವನು ಕೈಗೆ ಒಂದು ಬಿಡಿಕಾಸು ಇಟ್ಟ. ನನ್ನ ಜೀವನದಲ್ಲಿ ನಾನೇ ದುಡಿದ ಮೊದಲ ಹಣ ಎಂದು ಆರ್ಚ್‌ಡ್ಯೂಕ್ ಅದನ್ನು ಜೋಪಾನ ಮಾಡಿದನೆಂದು ಮಯೋರ್ಕಾದವರು ಇಂದಿಗೂ ಕಥೆ ಹೇಳುತ್ತಾರೆ.

ತಮ್ಮ ಯೋಹಾನ್ ಸಾಲ್ವತೋರ್ ಬಾಯಿ ಬಿಗಿಹಿಡಿಯಲಾರದವನು. 1883ರಲ್ಲಿ ಸೈನ್ಯದ ಕವಾಯತು ಪದ್ಧತಿಯನ್ನೇ ಬಹಿರಂಗವಾಗಿ ಟೀಕಿಸಿ ಬರೆದ. ರುಡಾಲ್ಫ್ ಸತ್ತ ಅದೇ 1889ರಲ್ಲಿ ಬಿರುದು, ಹುದ್ದೆ, ವರ್ಷಾಶನ ಎಲ್ಲ ಒಪ್ಪಿಸಿ ‘ಯೋಹಾನ್ ಓರ್ಟ್’ ಎಂದು ಹೆಸರು ಬದಲಿಸಿಕೊಂಡ. ಚಕ್ರವರ್ತಿ ಒಪ್ಪಿದ, ಆದರೆ ಅನುಮತಿಯಿಲ್ಲದೆ ಮತ್ತೆ ದೇಶದೊಳಗೆ ಬರಕೂಡದೆಂದ. ನರ್ತಕಿ ಮಿಲ್ಲಿ ಸ್ಟುಬೆಲ್ ಜೊತೆ ‘ಸಾಂತಾ ಮಾರ್ಗರೀತಾ’ ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದ. 1890ರ ಜುಲೈನಲ್ಲಿ ಅರ್ಜೆಂಟೀನಾದ ತೀರ ಬಿಟ್ಟು ಕೇಪ್ ಹಾರ್ನ್ ಸುತ್ತಿ ಚಿಲಿಗೆ ಹೊರಟ ಹಡಗು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಜುಲೈ ಅಲ್ಲಿ ನಡುಚಳಿಗಾಲ. ನಾನು ಹದಿನಾಲ್ಕು ವರ್ಷ ಸರಕು ಹಡಗಿನಲ್ಲಿ ದುಡಿದವನು. ಎಂಜಿನ್ ಇರುವ ಹಡಗಿನವರೂ ಆ ತಿರುವಿನಲ್ಲಿ ಮಾತು ಕಡಿಮೆ ಮಾಡುತ್ತಾರೆ. ಅವನದು ಹಾಯಿಹಡಗು. 1911ರಲ್ಲಿ ನ್ಯಾಯಾಲಯ ಅವನನ್ನು ಮೃತನೆಂದು ಘೋಷಿಸಿತು.

ಬಿ.ಎ. ವಿದ್ಯಾರ್ಥಿ

ಒಂದು ಪ್ರಶ್ನೆ. ಫ್ರಾನ್ಸ್ ಫರ್ಡಿನೆಂಡನ ಹೆಂಡತಿ ಸೋಫಿಯನ್ನು ಅರಮನೆಯವರು ಸೇರಿಸುತ್ತಿರಲಿಲ್ಲ ಎಂದು ಓದಿದ್ದೇನೆ. ಅವಳೂ ಶ್ರೀಮಂತ ಮನೆತನದವಳೇ ಅಲ್ಲವೇ?

ನಿವೃತ್ತ ಮೇಷ್ಟ್ರು

ಶ್ರೀಮಂತಳೆಂಬುದು ಸಾಲದಪ್ಪ, ಆಳುವ ಮನೆತನವಾಗಿರಬೇಕಿತ್ತು. ಸೋಫಿ ಖೊಟೆಕ್ ಬೊಹೀಮಿಯಾದ ಹಳೆಯ ಕೌಂಟ್ ಮನೆತನದವಳು, ಅಷ್ಟೇ. 1900ರ ಜೂನ್ 28ರಂದು ಫರ್ಡಿನೆಂಡ್ ವಿಯೆನ್ನಾದ ಅರಮನೆಯಲ್ಲಿ, ಸೇರಿದ್ದ ಆರ್ಚ್‌ಡ್ಯೂಕರ ಎದುರು, ನನಗೆ ಹುಟ್ಟುವ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ ಎಂದು ಪ್ರಮಾಣ ಮಾಡಿದ. ಮೂರು ದಿನದ ನಂತರ ಮದುವೆ. ಚಕ್ರವರ್ತಿ ಬರಲಿಲ್ಲ, ಸ್ವಂತ ತಮ್ಮಂದಿರೂ ಬರಲಿಲ್ಲ. ಮಲತಾಯಿಯೂ ಅವಳ ಹೆಣ್ಣುಮಕ್ಕಳೂ ಬಂದರು. ಅಲ್ಲಿಂದ ಮುಂದೆ ಆಸ್ಥಾನದ ಮೆರವಣಿಗೆಗಳಲ್ಲಿ ಗಂಡ ಮುಂದೆ, ಇವಳು ಎಳೆಯ ಆರ್ಚ್‌ಡಚೆಸ್‌ಗಳಿಗಿಂತಲೂ ಹಿಂದೆ.

ಸರಾಯೆವೊಗೆ ಅವನು ಹೋದದ್ದು ಸೈನ್ಯದ ಅಧಿಕಾರಿಯಾಗಿ. ಅಲ್ಲಿ ಆಸ್ಥಾನದ ಕಟ್ಟಳೆ ಇಲ್ಲ, ತೆರೆದ ಕಾರಿನಲ್ಲಿ ಹೆಂಡತಿ ಪಕ್ಕದಲ್ಲೇ ಕುಳಿತಳು. ಅಂದು 1914ರ ಜೂನ್ 28, ಆ ಪ್ರಮಾಣಕ್ಕೆ ಹದಿನಾಲ್ಕು ವರ್ಷ ತುಂಬಿದ ದಿನ. ವಿಯೆನ್ನಾದಲ್ಲಿ ದರ್ಶನಕ್ಕಿಟ್ಟಾಗ ಅವಳ ಪೆಟ್ಟಿಗೆಯನ್ನು ಅವನದಕ್ಕಿಂತ ತಗ್ಗಿನಲ್ಲಿಟ್ಟು ಮೇಲೆ ಬಿಳಿ ಕೈಗವಸು, ಬೀಸಣಿಗೆ ಇಟ್ಟರು. ರಾಜವಂಶದ ಸಮಾಧಿಮಂದಿರದಲ್ಲಿ ಅವಳಿಗೆ ಜಾಗ ಸಿಗದೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಆರ್ಟ್‌ಸ್ಟೆಟನ್ ಕೋಟೆಯಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಮಾಡಿಸಿಟ್ಟಿದ್ದ. ಅಲ್ಲಿಯೇ ಇದ್ದಾರೆ.

ಮನೆಯ ಮಾತು

ಇಷ್ಟು ಹೊತ್ತಾದರೂ ಹೆಣ್ಣುಮಕ್ಕಳ ಸುದ್ದಿ ಬಂದದ್ದು ಹೆಂಡತಿಯರಾಗಿ ಮಾತ್ರ. ಆರ್ಚ್‌ಡಚೆಸ್ ಲಿಯೊಪೋಲ್ಡಿನಾಳನ್ನು 1817ರಲ್ಲಿ ಮುಖ ನೋಡದ ಪೋರ್ಚುಗಲ್ ರಾಜಕುಮಾರನಿಗೆ ಮದುವೆ ಮಾಡಿ ಹಡಗು ಹತ್ತಿಸಿ ಬ್ರೆಜಿಲ್‌ಗೆ ಕಳಿಸಿದರು. 1822ರ ಸೆಪ್ಟೆಂಬರಿನಲ್ಲಿ ಗಂಡ ಊರಲ್ಲಿಲ್ಲದಾಗ ರಾಜ್ಯಭಾರ ಅವಳ ಕೈಯಲ್ಲಿತ್ತು. ಮಂತ್ರಿಗಳ ಸಭೆ ಸೇರಿಸಿ, ಪೋರ್ಚುಗಲ್‌ನಿಂದ ಬೇರೆಯಾಗು ಎಂದು ಅವನಿಗೆ ಪತ್ರ ಬರೆದವಳು ಅವಳು. ಇಪ್ಪತ್ತೊಂಬತ್ತಕ್ಕೆ ಸತ್ತಳು. ಇನ್ನೊಬ್ಬಳು ಮತಿಲ್ಡೆ. 1867ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ತಂದೆಗೆ ಕಾಣದಂತೆ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟಳು, ನೆರಿಗೆಯ ಲಂಗಕ್ಕೆ ಬೆಂಕಿ ಹತ್ತಿ ಬೆಂದು ಸತ್ತಳು. ತಂದೆಯ ಭಯ ಎಷ್ಟಿದ್ದಿರಬೇಕು.

ಗ್ರಾಜ್‌ನವರೇ, ನಿಮ್ಮ ಯೋಹಾನನ ಪ್ರೇಮಕಥೆಯನ್ನು ಎಲ್ಲರೂ ಹಾಡಿ ಹೊಗಳುತ್ತಾರೆ. ಔಸ್ಸೆಯ ಅಂಚೆಮನೆ ಯಜಮಾನನ ಮಗಳು ಅನ್ನಾ ಪ್ಲೋಖ್ಲ್‌ಗೆ 1819ರಲ್ಲಿ ಹದಿನೈದು, ಇವನಿಗೆ ಮೂವತ್ತೇಳು. ಮದುವೆಯಾದದ್ದು 1829ರಲ್ಲಿ. ಆ ನಡುವೆ ಹಲವು ವರ್ಷ ಅವಳು ಅವನ ಮನೆ ನೋಡಿಕೊಳ್ಳುವವಳು ಎಂಬ ಹೆಸರಿನಲ್ಲಿ ಬ್ರಾಂಡ್‌ಹೋಫ್‌ನಲ್ಲಿ ಇರಬೇಕಾಯಿತು. ಊರಿನ ಬಾಯಿಯನ್ನು ಎದುರಿಸಿದವಳು ಅವಳು, ಅವನಲ್ಲ.

ಗ್ರಾಜ್ ಕನ್ನಡಿಗ

ಮೇಡಂ, ಇದು ಸತ್ಯ. ನಾನು ಮೊದಲ ಬರಹದಲ್ಲೇ ಅವಳ ಹೆಸರು ಹೇಳಬೇಕಿತ್ತು. ಚಕ್ರವರ್ತಿ 1823ರಲ್ಲಿ ಹೂಂ ಎಂದು ಮತ್ತೆ ತಡೆದ, ಆ ಆರು ವರ್ಷದ ಭಾರ ಅವಳ ಮೇಲೇ ಬಿತ್ತು.

ಪೋಲೆಂಡಿನಿಂದ

ಝಿವಿಯೆಟ್ಸ್ ಎಂಬ ಬಿಯರ್ ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 1856ರಲ್ಲಿ ಆ ಕಾರ್ಖಾನೆ ಕಟ್ಟಿಸಿದವನು ಆರ್ಚ್‌ಡ್ಯೂಕ್ ಅಲ್ಬ್ರೆಕ್ಟ್. ಅದು ಮುಂದೆ ಅವನ ಸೋದರನ ಮಗ ಕಾರ್ಲ್ ಸ್ಟೀಫನ್‌ನ ಪಾಲಿಗೆ ಬಂತು. ಅವನು ನೌಕಾಪಡೆಯ ಅಧಿಕಾರಿ. ಝಿವಿಯೆಟ್ಸ್‌ನಲ್ಲಿ ನೆಲೆಸಿ ಮಕ್ಕಳಿಗೆ ಪೋಲಿಷ್ ಕಲಿಸಿದ, ಇಬ್ಬರು ಹೆಣ್ಣುಮಕ್ಕಳನ್ನು ಪೋಲಿಷ್ ಮನೆತನಗಳಿಗೇ ಕೊಟ್ಟ. ಹಿರಿಯ ಮಗ ಕಾರ್ಲ್ ಅಲ್ಬ್ರೆಕ್ಟ್ ಸ್ವತಂತ್ರ ಪೋಲೆಂಡಿನ ಸೈನ್ಯದಲ್ಲಿ ಅಧಿಕಾರಿಯಾದ. 1939ರಲ್ಲಿ ನಾಜಿಗಳು ಬಂದಾಗ ‘ನಾನು ಜರ್ಮನ್’ ಎಂದು ಒಂದು ಸಹಿ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಗೆಸ್ಟಾಪೊ ಸೆರೆಯಲ್ಲಿ ಚಿತ್ರಹಿಂಸೆಗೆ ಒಂದು ಕಣ್ಣು ಹೋಯಿತು.

ಕಿರಿಯವನು ವಿಲ್ಹೆಲ್ಮ್ ಇನ್ನೊಂದು ದಾರಿ ಹಿಡಿದ. ಅವನ ಕೈಕೆಳಗಿನ ಸೈನಿಕರು ಉಕ್ರೇನಿಯನ್ ರೈತರು. ಅವರ ಭಾಷೆ ಕಲಿತ, ಅವರ ಕಸೂತಿ ಅಂಗಿಯನ್ನು ಸಮವಸ್ತ್ರದ ಒಳಗೆ ತೊಟ್ಟ. ಅವರೇ ‘ವಾಸಿಲ್ ವಿಶಿವಾನಿ’, ಕಸೂತಿ ಅಂಗಿಯ ವಾಸಿಲ್, ಎಂದು ಕರೆದರು. 1921ರಲ್ಲಿ ಉಕ್ರೇನಿಯನ್ ಭಾಷೆಯಲ್ಲಿ ಕವನ ಸಂಕಲನವನ್ನೇ ತಂದ. ಪ್ಯಾರಿಸ್‌ನಲ್ಲಿ ವಂಚನೆಯ ಮೊಕದ್ದಮೆಯಲ್ಲಿ ಸಿಕ್ಕಿ ಹೆಸರು ಕೆಡಿಸಿಕೊಂಡದ್ದೂ ಉಂಟು. 1947ರ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಸೋವಿಯತ್ ಅಧಿಕಾರಿಗಳು ಹಿಡಿದು ಕೀವ್‌ಗೆ ಒಯ್ದರು. ಮರುವರ್ಷ ಆಗಸ್ಟ್ 18ರಂದು ಅಲ್ಲಿನ ಸೆರೆಮನೆಯಲ್ಲಿ ಕ್ಷಯದಿಂದ ತೀರಿಕೊಂಡ. ಒಂದೇ ತಾಯಿಯ ಮಕ್ಕಳು, ಒಬ್ಬ ಪೋಲಿಷ್, ಒಬ್ಬ ಉಕ್ರೇನಿಯನ್, ಇಬ್ಬರೂ ಅದಕ್ಕೆ ಬೆಲೆ ತೆತ್ತರು.

ಕಾರ್ಲ್ ಅಲ್ಬ್ರೆಕ್ಟ್‌ನ ಮಗಳು ಮರಿಯಾ ಕ್ರಿಸ್ಟಿನಾ 2001ರಲ್ಲಿ ಝಿವಿಯೆಟ್ಸ್‌ಗೆ ಮರಳಿ ಬಂದರು. ತಾತನ ಕೋಟೆಯಲ್ಲಿ ಊರಿನವರು ಬಿಟ್ಟುಕೊಟ್ಟ ಸಣ್ಣ ಮನೆಯಲ್ಲಿದ್ದು 2012ರಲ್ಲಿ ಅಲ್ಲಿಯೇ ತೀರಿಕೊಂಡರು.

ತುಮಕೂರಿನ ಓದುಗ

ಕಾರ್ಲ್ ಅಲ್ಬ್ರೆಕ್ಟ್‌ನ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವ್ಯವಸ್ಥೆಯ ಬಗ್ಗೆ ನನ್ನ ಮಾತು ಬದಲಾಗದು. ಆ ಮನುಷ್ಯನ ಬಗ್ಗೆ ಬದಲಾಗಿದೆ.

ಮಂಗಳೂರಿನವನು

ನಮ್ಮೂರಿಗೂ ಈ ಮನೆಗೂ ಒಂದು ನಂಟಿದೆ. 1775ರಲ್ಲಿ ಮರಿಯಾ ತೆರೇಸಾ ವಿಲಿಯಂ ಬೋಲ್ಟ್ಸ್ ಎಂಬ ವರ್ತಕನಿಗೆ ಭಾರತದ ವ್ಯಾಪಾರಕ್ಕೆ ಸನ್ನದು ಕೊಟ್ಟಳು. ಅವನು ಲಿವೋರ್ನೊ ಬಂದರಿನಿಂದ ಹೊರಟು ಬಂದು ಶ್ರೀರಂಗಪಟ್ಟಣದಲ್ಲಿ ಹೈದರಾಲಿಯನ್ನು ಕಂಡ. ಮಂಗಳೂರು, ಕಾರವಾರ, ಬಳಿಯಪಟ್ಟಣಗಳಲ್ಲಿ ಕೋಠಿ ತೆರೆಯಲು ಅನುಮತಿಯನ್ನೂ ಪಡೆದ. ಹಡಗು ಹೊರಟ ಲಿವೋರ್ನೊ ಆಗ ತಸ್ಕನಿಗೆ ಸೇರಿತ್ತು. ಅಲ್ಲಿ ಆಳುತ್ತಿದ್ದವನು ಅವಳ ಮಗ ಆರ್ಚ್‌ಡ್ಯೂಕ್ ಲಿಯೊಪೋಲ್ಡ್, ಅಂದರೆ ನಮ್ಮ ಯೋಹಾನ್ ಮತ್ತು ರುಡಾಲ್ಫರ ತಂದೆ. 1786ರ ನವೆಂಬರ್ 30ರಂದು ತಸ್ಕನಿಯಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿದವನು ಅವನು. ನನಗೆ ಕೇಳಿದರೆ ಮಕ್ಕಳೆಲ್ಲರಿಗಿಂತ ಅಪ್ಪನೇ ದೊಡ್ಡವನು.

ಬಿ.ಎ. ವಿದ್ಯಾರ್ಥಿ

ಕೊನೆಯದಾಗಿ ಇನ್ನೊಂದು. ಅನ್ನಾ ಕೂಡ ಆಳುವ ಮನೆತನದವಳಲ್ಲ. ಹಾಗಾದರೆ ಅವಳಿಗೂ ವಿಯೆನ್ನಾದ ಸಮಾಧಿಮಂದಿರದಲ್ಲಿ ಜಾಗ ಸಿಗಲಿಲ್ಲವೇ?

ಗ್ರಾಜ್ ಕನ್ನಡಿಗ

ಯೋಹಾನನೂ ಅಲ್ಲಿಲ್ಲ. ಹರೆಯದಲ್ಲಿ ಅವನಿಗೆ ಪ್ರಾಣವಾಗಿದ್ದದ್ದು ತಿರೋಲ್‌ನ ಬೆಟ್ಟಗಳು. 1813ರಲ್ಲಿ ಅಲ್ಲಿ ಫ್ರೆಂಚರ ಕಡೆಯವರ ವಿರುದ್ಧ ದಂಗೆಯೆಬ್ಬಿಸುವ ಸಂಚಿನಲ್ಲಿದ್ದಾನೆಂದು ಅಣ್ಣನಾದ ಚಕ್ರವರ್ತಿ ಆ ನಾಡಿಗೆ ಕಾಲಿಡದಂತೆ ಹಲವು ವರ್ಷ ತಡೆದಿದ್ದ. ವಯಸ್ಸಾದ ಮೇಲೆ ಮೆರಾನೊ ಹತ್ತಿರದ ಶೆನ್ನಾ ಎಂಬ ಹಳ್ಳಿಯಲ್ಲಿ ಒಂದು ಕೋಟೆ ಕೊಂಡುಕೊಂಡ. 1859ರ ಮೇ 11ರಂದು ಗ್ರಾಜ್‌ನಲ್ಲಿ ತೀರಿಕೊಂಡ, ಅವನ ಆಸೆಯಂತೆ ಶೆನ್ನಾದಲ್ಲಿ ಸಮಾಧಿಮಂದಿರ ಕಟ್ಟಿದರು. ಅದು ಈಗ ಇಟಲಿಯಲ್ಲಿದೆ. ಹೋದ ಸೆಪ್ಟೆಂಬರಿನಲ್ಲಿ ನೋಡಿಬಂದೆ. ಹಳ್ಳಿಯ ಚರ್ಚಿನ ಪಕ್ಕದಲ್ಲಿ ಕೆಂಗಲ್ಲಿನ ಕಟ್ಟಡ, ಸುತ್ತ ಸೇಬಿನ ತೋಟಗಳು. ಗಂಡ ಹೋದ ಮೇಲೆ ಇಪ್ಪತ್ತಾರು ವರ್ಷ ಬದುಕಿದ್ದ ಅನ್ನಾ 1885ರಲ್ಲಿ ಬಂದು ಅವನ ಪಕ್ಕ ಸೇರಿದಳು. ಒಳಗೆ ಇಬ್ಬರದೂ ಒಂದೇ ಮಟ್ಟದಲ್ಲಿದೆ.